ವಯಸ್ಸಿನ್ನೂ ನಲವತ್ತಾಗಿಲ್ಲ, ಈಗಲೇ ವಿಲ್ ಬರೆದಿಡಬೇಕಾ?

ವಯಸ್ಸು 38, ಇಬ್ಬರು ಚಿಕ್ಕ ಮಕ್ಕಳು, ಆಸ್ತಿ ಅಂತ ಇರೋದು ಸಾಲದ ಮೇಲಿನ ಒಂದು ಮನೆ, ಇಷ್ಟಕ್ಕೆ ಈಗಲೇ ವಿಲ್ ಬೇಕಾ ಅಂತ ಕೇಳಿದ್ದೀರಿ. ಬೇಕು. ಸಾಯೋ ಹೊತ್ತಿಗೆ ಬರೆದರಾಯಿತು ಅಂತ ನಮ್ಮ ಮನೆಯಲ್ಲೂ ಅಂದುಕೊಂಡಿದ್ದೆವು. ಆದರೆ ಬುದ್ಧಿ ಸ್ವಾಧೀನದಲ್ಲಿ ಇರುವವರೆಗೆ ಮಾತ್ರ ವಿಲ್ ಮಾಡಲು ಬರುತ್ತದೆ. ಅದು ಎಂದು ತಪ್ಪುತ್ತದೋ ಯಾರು ಬಲ್ಲರು?

ನಮ್ಮ ತಂದೆಗೆ ಪಾರ್ಶ್ವವಾಯು ಹೊಡೆದು ಮಾತು, ಬಲಗೈ ಎರಡೂ ಹೋದವು. ಆಸ್ಪತ್ರೆ ಖರ್ಚಿಗೆ ಬೇಕಾದ ಹಣ ಅವರ ಖಾತೆಯಲ್ಲೇ ಇತ್ತು, ತೆಗೆಯಲು ಸಹಿ ಬೇಕಿತ್ತು. ಎಡಗೈಗೆ ಪೆನ್ನು ಕೊಟ್ಟು ಹಿಡಿದುಕೊಂಡೆ. ಹೆಸರಿನ ಮೊದಲಕ್ಷರ ಅರ್ಧ ಮೂಡಿತು, ಆಮೇಲೆ ಗೆರೆ ಕಾಗದದ ಅಂಚಿನವರೆಗೂ ಜಾರಿತು. ಅವರು ನನ್ನ ಮುಖ ನೋಡಿ ಕಣ್ಣು ತುಂಬಿಕೊಂಡರು. ಕೊನೆಗೆ ಅಕ್ಕ ಸಾಲ ಮಾಡಿ ಬಿಲ್ ಕಟ್ಟಿದಳು. ಆ ಕಾಗದವನ್ನು ನಾನಿನ್ನೂ ಎಸೆದಿಲ್ಲ.

ಇಂಥ ಹೊತ್ತಿಗೆ ವಿಲ್ ಒಂದೇ ಇದ್ದರೂ ಸಾಲದು, ಅದು ಜಾರಿಗೆ ಬರೋದೇ ಬರೆದವರು ತೀರಿಕೊಂಡ ಮೇಲೆ. ಬದುಕಿದ್ದೂ ಕೈಲಾಗದೆ ಮಲಗಿದಾಗ ನಿಮ್ಮ ಪರವಾಗಿ ಹಣಕಾಸು ನೋಡುವವರು ಯಾರು, ಚಿಕಿತ್ಸೆಯ ಬಗ್ಗೆ ನಿರ್ಧರಿಸುವವರು ಯಾರು ಅನ್ನೋದಕ್ಕೆ ಬೇರೆ ಪತ್ರ ಬೇಕು. ಅನೇಕ ದೇಶಗಳ ಕಾನೂನಿನಲ್ಲಿ ಇದಕ್ಕೆ ದಾರಿಯಿದೆ, ವಕೀಲರನ್ನು ಮೊದಲು ಇದನ್ನೇ ಕೇಳಿ. ನಿಮ್ಮ ವಿಷಯದಲ್ಲಿ ಮನೆಗಿಂತ ಮಕ್ಕಳೇ ದೊಡ್ಡ ಕಾರಣ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಏನಾದರೂ ಆದರೆ ಅವರನ್ನು ಸಾಕುವವರು ಯಾರು? ನೀವು ಹೆಸರು ಬರೆದಿಡದಿದ್ದರೆ ನಿಮ್ಮ ಮಕ್ಕಳನ್ನು ಕಂಡೇ ಇರದ ನ್ಯಾಯಾಧೀಶರು ಅದನ್ನು ತೀರ್ಮಾನಿಸಬೇಕಾಗಬಹುದು.

ಮುಂದೂಡುವುದು ಹಣವಂತರಿಗೂ ತಪ್ಪಿದ್ದಲ್ಲ. ಚಿತ್ರಕಲಾವಿದ ಪಿಕಾಸೊ 91 ವರ್ಷ ಬದುಕಿಯೂ ವಿಲ್ ಬರೆಯದೆ 1973ರಲ್ಲಿ ತೀರಿಕೊಂಡರು, ಆಸ್ತಿ ಹಂಚಿಕೆ ಮುಗಿಯಲು ಸುಮಾರು 6 ವರ್ಷ ಹಿಡಿಯಿತು. ಗಾಯಕಿ ಅರೀಥಾ ಫ್ರಾಂಕ್ಲಿನ್ 2018ರಲ್ಲಿ ಹೋದಾಗ ವಿಲ್ ಇಲ್ಲವೆಂದೇ ಎಲ್ಲರೂ ತಿಳಿದಿದ್ದರು. ಮರುವರ್ಷ ಅವರ ಮನೆಯಲ್ಲಿ ಕೈಬರಹದ ಪತ್ರಗಳು ಸಿಕ್ಕವು, ಒಂದಂತೂ ಸೋಫಾದ ದಿಂಬಿನಡಿ ಇದ್ದ ನೋಟ್‌ಬುಕ್ಕಿನಲ್ಲಿ. ಯಾವುದು ನಿಜವಾದ ವಿಲ್ ಅಂತ ಮಕ್ಕಳೇ ಎದುರುಬದುರು ನಿಂತರು. ಸೋಫಾದಡಿಯದೇ ಊರ್ಜಿತ ಅಂತ ತೀರ್ಪು ಬಂದದ್ದು 2023ರಲ್ಲಿ.

ಬ್ಯಾಂಕ್, ವಿಮೆಗಳಲ್ಲಿ ಎಂದೋ ಕೊಟ್ಟ ನಾಮಿನಿ ಹೆಸರು ಈಗಲೂ ಸರಿಯಿದೆಯಾ ನೋಡಿಕೊಳ್ಳಿ. ಆಸ್ತಿ ಪಡೆಯುವವರನ್ನೇ ಸಾಕ್ಷಿ ಹಾಕಿಸಬೇಡಿ. ಇನ್ನೊಂದು ಮಗುವಾದರೆ, ಮನೆ ಮಾರಿದರೆ ತಿದ್ದಿ ಬರೆಯಬಹುದು, ಈಗ ಬರೆದದ್ದೇ ಕೊನೆಯದಾಗಬೇಕಿಲ್ಲ. ಮೂಲಪ್ರತಿ ಎಲ್ಲಿಟ್ಟಿದ್ದೀರಿ ಅಂತ ಮಾತ್ರ ಮರೆಯದೆ ಇಬ್ಬರಿಗಾದರೂ ಹೇಳಿಡಿ.