ಪ್ರತಿಕ್ರಿಯೆ: ಪಾತ್ರೆ ತೊಳೆಯುವುದೂ ಧ್ಯಾನವಾ?

ಕೂತು ಧ್ಯಾನ ಮಾಡಲು ಪುರುಸೊತ್ತಿಲ್ಲ, ಪಾತ್ರೆ ತೊಳೆಯುವಾಗ ಗಮನ ಇಟ್ಟರೆ ಲೆಕ್ಕಕ್ಕೆ ಬರುತ್ತದಾ, ಮನಸ್ಸು ಎಲ್ಲೆಲ್ಲೋ ಓಡುತ್ತದಲ್ಲ ಅಂತ ಕೇಳಿದ್ದೀರಿ. ಬರುತ್ತದೆ, ಅನುಮಾನ ಬೇಡ.

ಬುದ್ಧ ಕುರುನಾಡಿನಲ್ಲಿ ಭಿಕ್ಷುಗಳಿಗೆ ಹೇಳಿದ ಸತಿಪಟ್ಠಾನ ಸುತ್ತ ಅನ್ನುವ ಉಪದೇಶದಲ್ಲಿ (ಮಜ್ಝಿಮ ನಿಕಾಯ ಎಂಬ ಸಂಗ್ರಹದ 10ನೆಯದು) ಉಸಿರಿನ ಜೊತೆ ನಡೆಯುವುದು, ಕೈಕಾಲು ಮಡಚುವುದು, ಅಗಿಯುವುದು, ಕೊನೆಗೆ ಮಲಮೂತ್ರದ ಹೊತ್ತೂ ಬರುತ್ತದೆ. ಅಂದಮೇಲೆ ಪಾತ್ರೆಗೆ ಜಾಗ ಇಲ್ವಾ?

ಇನ್ನು ಮನಸ್ಸು ಓಡುವ ವಿಷಯ. ಆ ಸುತ್ತದ ಹೆಸರಲ್ಲಿರುವ, ಪಾಲಿ ಭಾಷೆಯ 'ಸತಿ' ಅಂದರೆ ನಮ್ಮ 'ಸ್ಮೃತಿ'ಯೇ, ನೆನಪು. ಮನಸ್ಸು ಖಾಲಿ ಮಾಡುವುದಲ್ಲ, ಈಗ ಏನು ಮಾಡುತ್ತಿದ್ದೇನೆ ಅನ್ನುವುದನ್ನು ಮರೆಯದಿರುವುದು. ಮರೆತು ಮತ್ತೆ ನೆನಪಾಯಿತಾ? ಆ ಗಳಿಗೆಯೇ ಅಭ್ಯಾಸ. ಒಂದು ಕುಕ್ಕರ್ ಉಜ್ಜುವಷ್ಟರಲ್ಲಿ ನನಗೆ ಹತ್ತು ಸಲ ತಪ್ಪುತ್ತದೆ.

ಜಿಡ್ಡು ಬಾಣಲೆ ಕೈಗೆ ಬಂದಾಗ 'ಥೂ' ಅನ್ನಿಸುತ್ತದಲ್ವಾ? ಅದನ್ನೂ ನೋಡಿ. ಸುತ್ತದಲ್ಲಿ ಅದಕ್ಕೆ 'ವೇದನಾ' ಅಂತ ಹೆಸರು. ಕನ್ನಡದಲ್ಲಿ ವೇದನೆ ಅಂದರೆ ನೋವು; ಅಲ್ಲಿ ಹಿತ, ಅಹಿತ, ಎರಡೂ ಅಲ್ಲದ್ದು, ಮೂರೂ ಸೇರುತ್ತವೆ.

ಮೊದಲ ವಾರ ಪೂರ್ತಿ ಸಿಂಕ್ ಬೇಡ, ಲೋಟಗಳಿಗಷ್ಟೇ ಮಾಡಿ. ಆ ಹೊತ್ತಲ್ಲಿ ಫೋನಿನ ಹಾಡು ಮಾತ್ರ ನಿಲ್ಲಿಸಿ.