ಒಂಟಿ ಸೀಟಿನ ಗೈರೊಪ್ಲೇನ್ ಕಿಟ್‌ಗೆ ಯಾವ ರೋಟರ್, ಯಾವ ಎಂಜಿನ್?

ನೀವು ಕೇಳಿರುವುದು ಇಷ್ಟು: ಊರು ಸಿಂಧನೂರು, ನಿಮ್ಮ ತೂಕ 80 ಕೆಜಿ, ಹೊರದೇಶದಿಂದ ಒಂಟಿ ಸೀಟಿನ ಗೈರೊಪ್ಲೇನ್ ಕಿಟ್ ತರಿಸಿ ಜೋಡಿಸುವ ಆಸೆ. ರೋಟರ್, ಅಂದರೆ ತಲೆ ಮೇಲೆ ತಿರುಗುವ ಬ್ಲೇಡು, 22 ಅಡಿಯದ್ದು ತಗೊಳ್ಳಬೇಕೋ 25 ಅಡಿಯದ್ದೋ? ಎಂಜಿನ್ ರೋಟ್ಯಾಕ್ಸ್ 503 ಸಾಕೋ, 582 ಬೇಕೋ? ದುಡ್ಡು ಉಳಿಸಲು ಹಳೇ ಮಾರುತಿ 800 ಎಂಜಿನ್ ಕೂರಿಸಿದರೆ ಹೇಗೆ?

ಮೊದಲು ಉತ್ತರ ಹೇಳಿಬಿಡುತ್ತೇನೆ. ರೋಟರ್ 23 ಅಡಿ, ಅದು ಸಿಗದಿದ್ದರೆ 24. ಎಂಜಿನ್ 582. ಮಾರುತಿ ಬೇಡವೇ ಬೇಡ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಲೆಕ್ಕ. ನಾನು ಬಳ್ಳಾರಿಯವನು, ಮೈಕ್ರೊಲೈಟ್ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಹಾಗಾಗಿ ಬಿಸಿಲಿನಿಂದಲೇ ಲೆಕ್ಕ ಶುರು ಮಾಡುವುದು ನನಗೆ ಅಭ್ಯಾಸ.

ಗೈರೊದಲ್ಲಿ ಎಂಜಿನ್ನು ರೋಟರನ್ನು ತಿರುಗಿಸುವುದಿಲ್ಲ, ಇದು ನಿಮಗೆ ಗೊತ್ತೇ ಇದೆ ಅಂದುಕೊಳ್ಳುತ್ತೇನೆ. ಹಿಂದಿನ ಪ್ರೊಪೆಲ್ಲರ್ ಯಂತ್ರವನ್ನು ಮುಂದಕ್ಕೆ ತಳ್ಳುತ್ತದೆ. ಕೆಳಗಿನಿಂದ ನುಗ್ಗುವ ಗಾಳಿಗೆ ರೋಟರ್ ತಾನೇ ತಿರುಗುತ್ತದೆ. ಸ್ಪೇನಿನ ಹುವಾನ್ ದೆ ಲಾ ಸಿಯರ್ವಾ 1923ರಲ್ಲೇ ಇದನ್ನು ಹಾರಿಸಿ ತೋರಿಸಿದ್ದ. ಮನೆಯಲ್ಲೇ ಜೋಡಿಸುವ ಒಂಟಿ ಸೀಟಿನ ಗೈರೊ ಜನಪ್ರಿಯವಾಗಿದ್ದು 1950ರ ದಶಕದಲ್ಲಿ, ಅಮೆರಿಕದ ಇಗೊರ್ ಬೆನ್ಸನ್‌ನ ಯಂತ್ರಗಳಿಂದ. ಅಂದರೆ ರೋಟರ್ ಆರಿಸುವಾಗ ಎಂಜಿನ್ ಮರೆತುಬಿಡಿ. ಬೇಕಾಗಿರುವುದು ಒಟ್ಟು ತೂಕ.

ನಿಮ್ಮ ಲೆಕ್ಕ ಹಾಕೋಣ. ಖಾಲಿ ಯಂತ್ರ ಸುಮಾರು 135 ಕೆಜಿ, ಹೆಲ್ಮೆಟ್ಟು ಬೂಟು ಸೇರಿ ನೀವು 82, ಇಪ್ಪತ್ತು ಲೀಟರ್ ಪೆಟ್ರೋಲ್ ಸುಮಾರು 15. ಒಟ್ಟು 230 ಕೆಜಿ ಅಂತಿಟ್ಟುಕೊಳ್ಳಿ. ರೋಟರ್ ತಿರುಗುವ ವೃತ್ತದ ಪ್ರತಿ ಚದರ ಮೀಟರಿಗೆ ಎಷ್ಟು ಕೆಜಿ ಬೀಳುತ್ತದೆ ಅನ್ನುವುದು ಇಲ್ಲಿ ಮುಖ್ಯ. 22 ಅಡಿಗೆ 6.5 ಕೆಜಿ, 23 ಅಡಿಗೆ 6, 25 ಅಡಿಗೆ 5. ಮೂರೂ ಒಂಟಿ ಸೀಟಿಗೆ ನಡೆಯುವ ಅಂಕಿಗಳೇ. ಹಾಗಾದರೆ ದೊಡ್ಡದನ್ನೇ ಯಾಕೆ ತಗೊಳ್ಳಬಾರದು, ಅಲ್ವಾ? ದೊಡ್ಡ ರೋಟರ್ ಕಡಿಮೆ ವೇಗದಲ್ಲೇ ಮೇಲೇಳುತ್ತದೆ, ಇಳಿಯುವಾಗಲೂ ನಿಧಾನ. ಆದರೆ ಅದು ನಿಧಾನಕ್ಕೆ ಸುತ್ತುತ್ತದೆ. ಬ್ಲೇಡಿನ ಅಗಲ, ಕೋನ ಒಂದೇ ಇದ್ದು 22 ಅಡಿಯದ್ದು ನಿಮಿಷಕ್ಕೆ 360 ಸುತ್ತಿದರೆ, ಅದೇ ತೂಕಕ್ಕೆ 25 ಅಡಿಯದ್ದು 300ರ ಹತ್ತಿರ ಸುತ್ತುತ್ತದೆ. ಸುತ್ತು ಕಡಿಮೆಯಾದಷ್ಟೂ ಹಿಂದಕ್ಕೆ ಹೋಗುವ ಬ್ಲೇಡಿನ ಮೇಲೆ ಗಾಳಿ ಸಾಲದೆ ಹೋಗುತ್ತದೆ. ರನ್‌ವೇ ಮೇಲೆ ಅವಸರ ಮಾಡಿದರೆ ಬ್ಲೇಡುಗಳು ಮೇಲೆ ಕೆಳಗೆ ಬಡಿದಾಡಿ ಬಾಲಕ್ಕೋ ಪ್ರೊಪೆಲ್ಲರಿಗೋ ಹೊಡೆಯುತ್ತವೆ. ಜೂನ್, ಜುಲೈ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿ ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆ ಗಾಳಿಯಲ್ಲಿ 25 ಅಡಿ ರೋಟರ್ ಹೊಸಬರ ಕೈಗೆ ಭಾರ.

ಬಿಸಿಲು ಇಲ್ಲಿ ಒಂದು ಉಪಕಾರ ಮಾಡುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು 400ರಿಂದ 500 ಮೀಟರ್ ಮೇಲಿವೆ. ಮೇ ತಿಂಗಳಲ್ಲಿ 42 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ, ಪುಸ್ತಕದ 15 ಡಿಗ್ರಿ ಸಮುದ್ರಮಟ್ಟದ ಗಾಳಿಗಿಂತ ಸುಮಾರು 13 ಶೇಕಡಾ ತೆಳು. ತೆಳು ಗಾಳಿಯಲ್ಲಿ ರೋಟರ್ ತಾನಾಗಿಯೇ 7 ಶೇಕಡಾ ಜೋರಾಗಿ ಸುತ್ತಿ ತೂಕ ಹೊರುತ್ತದೆ. ಹಾಗಾಗಿ 23 ಅಡಿ ರೋಟರ್ ಚಳಿಗಾಲದಲ್ಲಿ 340ರ ಸುಮಾರು, ಬೇಸಿಗೆಯಲ್ಲಿ 360ರ ಸುಮಾರು ಸುತ್ತುತ್ತದೆ. ಎರಡೂ ಒಳ್ಳೆಯ ಜಾಗ. ನಾನು 23 ಅಂದಿದ್ದು ಇದಕ್ಕೇ.

ಬ್ಲೇಡ್ ಯಾವ ಮಾಲಿನದ್ದು? ಡ್ರ್ಯಾಗನ್ ವಿಂಗ್ಸ್ ಥರದ ಅಂಟಿಸಿದ ಅಲ್ಯೂಮಿನಿಯಂ ಬ್ಲೇಡು ಹಗುರ. ಸ್ಕೈ ವೀಲ್ಸ್ ಥರದ ಫೈಬರ್ ಬ್ಲೇಡು ಭಾರ. ಭಾರದ ಬ್ಲೇಡು ಗಾಣದ ಫ್ಲೈವೀಲ್ ಇದ್ದ ಹಾಗೆ: ತಿರುಗಿಸಲು ಹೊತ್ತು ಬೇಕು, ತಿರುಗಿದ ಮೇಲೆ ಬೇಗ ನಿಲ್ಲುವುದಿಲ್ಲ. ಇಳಿಯುವಾಗ ಮೂಗು ಎತ್ತಿದ ಮೇಲೂ ಒಂದೆರಡು ಕ್ಷಣ ಜಾಸ್ತಿ ಸಿಗುತ್ತದೆ. ಹೊಸಬರಿಗೆ ನಾನು ಭಾರದ್ದನ್ನೇ ಹೇಳುವುದು, ಜೊತೆಗೆ ಹೊರಡುವ ಮೊದಲು ರೋಟರನ್ನು ತಿರುಗಿಸಿಕೊಡುವ ಪ್ರಿ-ರೊಟೇಟರ್ ಕೂಡ. ಬಿಸಿಲಲ್ಲಿ ನಿಂತು ಕೈಯಿಂದ ರೋಟರ್ ತಿರುಗಿಸುವ ಹಳೇ ಕಾಲದ ಪದ್ಧತಿ ವಿಡಿಯೋದಲ್ಲಿ ನೋಡಲು ಮಾತ್ರ ಚೆಂದ.

ಅಲ್ಯೂಮಿನಿಯಂ ಬ್ಲೇಡೇ ಸಿಕ್ಕರೂ ತಪ್ಪಿಲ್ಲ, ಆದರೆ ಎರಡು ವಿಷಯ ನೋಡಿ. ಒಂದು, ಅಂಟು. ನಾಣ್ಯದಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಎಲ್ಲಾದರೂ ಸದ್ದು ಬದಲಾಗಿ ಟೊಳ್ಳು ಅನ್ನಿಸಿದರೆ ಆ ಬ್ಲೇಡು ಹಾರಿಸಬೇಡಿ. ಎರಡು, ಬುಡದ ಬೋಲ್ಟ್ ತೂತುಗಳು. ಲೋಹ ದಣಿದು ಸೀಳುವುದು ಅಲ್ಲಿಂದಲೇ. ತೋರಣಗಲ್ಲು ಕಡೆ ಫ್ಯಾಬ್ರಿಕೇಶನ್ ಮಾಡುವವರ ಹತ್ತಿರ ಬಣ್ಣ ಹಚ್ಚಿ ಬಿರುಕು ಹುಡುಕುವ ಡಿಪಿ ಟೆಸ್ಟ್ ಮಾಡುವ ಹುಡುಗರಿರುತ್ತಾರೆ. ವರ್ಷಕ್ಕೊಮ್ಮೆ ಅವರಿಂದ ಮಾಡಿಸಿ. ಎಷ್ಟು ಗಂಟೆ ಹಾರಿದೆ ಅಂತ ದಾಖಲೆ ಇಲ್ಲದ ಹಳೇ ಬ್ಲೇಡು ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಸ್ಥಳೀಯವಾಗಿ ಮರದಲ್ಲಿ ಮಾಡಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ. ಬ್ಲೇಡಿನ ತೂಕದ ಕೇಂದ್ರ ಅದರ ಮುಂಗೆರೆಯಿಂದ, ಅಂದರೆ ಗಾಳಿ ಸೀಳುವ ಮುಂದಿನ ಅಂಚಿನಿಂದ, ಕಾಲು ಭಾಗದ ಅಗಲದ ಒಳಗೇ ಇರಬೇಕು. ಹಿಂದಕ್ಕೆ ಸರಿದರೆ ಹಾರುವಾಗ ಬ್ಲೇಡು ನಡುಗಿ ಒಡೆದು ಹೋಗಬಹುದು. ಬಡಗಿಯ ಕಣ್ಣಳತೆಗೆ ಸಿಗುವ ವಿಷಯ ಅಲ್ಲ ಇದು.

ಧೂಳಿನ ಬಗ್ಗೆಯೂ ಹೇಳಬೇಕು. ಸಂಡೂರು, ಹೊಸಪೇಟೆ ಕಡೆ ಅದಿರಿನ ಧೂಳು. ನಿಮ್ಮ ಕಡೆ ಭತ್ತದ ಕೊಯ್ಲಿನ ಧೂಳು, ಎರೆಮಣ್ಣು. ಬ್ಲೇಡಿನ ಮುಂಗೆರೆ ಸವೆಯುತ್ತದೆ, ಹಿಂದಿನ ಪ್ರೊಪೆಲ್ಲರ್ ಮುಂದಿನ ಗಾಲಿ ಎಬ್ಬಿಸಿದ ಕಲ್ಲು ನುಂಗುತ್ತದೆ. ಹಾರಿ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ಲೇಡು ಬಿಚ್ಚಿ ನೆರಳಿನಲ್ಲಿಡಿ.

ಇನ್ನು ಎಂಜಿನ್. ಬಿಸಿಲು ಇಲ್ಲಿ ಉಪಕಾರ ಮಾಡುವುದಿಲ್ಲ. ಕಂಪನಿಯವರು ಕೊಡುವ ಎಚ್‌ಪಿ ಅಂಕಿ ಆ ಪುಸ್ತಕದ ಗಾಳಿಯದ್ದೇ. 503 ಅಂದರೆ ಸುಮಾರು 50 ಎಚ್‌ಪಿ. ಗಾಳಿ 13 ಶೇಕಡಾ ತೆಳುವಾದರೆ ನಿಮಗೆ ಸಿಗುವುದು 43. ಏಳು ಹೋದರೆ ಏನಂತೆ ಅನ್ನಿಸುತ್ತದೆ. ಆದರೆ 230 ಕೆಜಿ ಗೈರೊ ಗಂಟೆಗೆ 80 ಕಿಮೀ ವೇಗದಲ್ಲಿ ಮಟ್ಟಸವಾಗಿ ಹಾರಲು, ಎಳೆತ ಮತ್ತು ಪ್ರೊಪೆಲ್ಲರ್ ನಷ್ಟ ಎಲ್ಲ ಸೇರಿಸಿ, ನನ್ನ ಅಂದಾಜಿನಲ್ಲಿ 33 ಎಚ್‌ಪಿ ಬೇಕು. ತೆಳು ಗಾಳಿಯಲ್ಲಿ ಅದು 35 ಆಗುತ್ತದೆ. ಮೇಲೇರಲು ಉಳಿಯುವುದು ಎಷ್ಟು? ತಂಪಿನಲ್ಲಿ 17. ಮೇ ತಿಂಗಳಲ್ಲಿ 8. ಎಂಜಿನ್ನಿನ ಏಳನೇ ಒಂದು ಭಾಗ ಹೋದರೆ ಏರುವ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಹೋಯಿತು. ನಿಮಿಷಕ್ಕೆ 190 ಮೀಟರ್ ಏರುತ್ತಿದ್ದ ಯಂತ್ರ 90 ಮೀಟರ್ ಏರುತ್ತದೆ. ಎದುರಿಗೆ ಶಕ್ತಿನಗರದಿಂದ ಬರುವ ಹೈ ಟೆನ್ಶನ್ ಲೈನ್ ಇದ್ದರೆ ಆ ಅಂತರ ಎಷ್ಟು ಅಂತ ನೀವೇ ಯೋಚಿಸಿ.

582 ಇದ್ದರೆ 64 ಎಚ್‌ಪಿಯಲ್ಲಿ ಬಿಸಿಲಿಗೆ 55 ಉಳಿಯುತ್ತದೆ, ಏರಲು 20 ಸಿಗುತ್ತದೆ. ನೀರಿನ ರೇಡಿಯೇಟರಿನ ಕೆಲವು ಕೆಜಿ ಜಾಸ್ತಿ ಆದರೂ ಅದೇ ಲಾಭ. ಮಾರುತಿ 800 ಪ್ರಶ್ನೆಯೂ ಇಲ್ಲೇ ಮುಗಿಯುತ್ತದೆ: 37 ಎಚ್‌ಪಿ ಬಿಸಿಲಲ್ಲಿ 32 ಆಗುತ್ತದೆ, ಮಟ್ಟಸವಾಗಿ ಹಾರಲೂ ಸಾಲದು. ಅದರ ಮೇಲೆ ಬ್ಲಾಕಿನ ತೂಕ, ಬೇರೆಯಾಗಿ ಮಾಡಿಸಬೇಕಾದ ರಿಡಕ್ಷನ್ ಗೇರು. ರೋಟ್ಯಾಕ್ಸ್‌ನದ್ದೇ 912 ನಾಲ್ಕು ಸ್ಟ್ರೋಕಿನದ್ದು, ನಂಬಿಕಸ್ಥ ಎಂಜಿನ್. 503, 582 ಥರದ ಎರಡು ಸ್ಟ್ರೋಕಿನ ಎಂಜಿನ್ ಸುಮಾರು 300 ಗಂಟೆಗೆ ಓವರ್‌ಹಾಲ್ ಕೇಳಿದರೆ ಇದು 2,000 ಗಂಟೆ ನಡೆಯುತ್ತದೆ. ದುಡ್ಡಿದ್ದು, ಕಿಟ್ ಅದಕ್ಕೆಂದೇ ಮಾಡಿದ್ದರೆ ಧಾರಾಳವಾಗಿ ತಗೊಳ್ಳಿ. 582ಕ್ಕೆ ಮಾಡಿದ ಫ್ರೇಮಿಗೆ ಮಾತ್ರ ಕೂರಿಸಬೇಡಿ.

ಫ್ರೇಮಿನ ಮಾತು ಬಂತು. ಎಂಜಿನ್ ಬಗ್ಗೆ ಕೇಳುವವರು ಎಚ್‌ಪಿ ಕೇಳುತ್ತಾರೆ, ಎತ್ತರ ಕೇಳುವುದಿಲ್ಲ. ಪ್ರೊಪೆಲ್ಲರ್ ತಳ್ಳುವ ಗೆರೆ ಯಂತ್ರದ ತೂಕದ ಕೇಂದ್ರಕ್ಕಿಂತ ಮೇಲೆ ಇದ್ದರೆ, ಅದು ಯಾವಾಗಲೂ ಮೂಗನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ರೋಟರ್ ಮೇಲೆ ಭಾರ ಇರುವವರೆಗೆ ಇದು ಗೊತ್ತಾಗುವುದಿಲ್ಲ. ಗಾಳಿಯ ಏಟಿಗೋ, ಸ್ಟಿಕ್ ಜೋರಾಗಿ ಮುಂದೆ ತಳ್ಳಿದ್ದಕ್ಕೋ ಆ ಭಾರ ಒಂದು ಕ್ಷಣ ಕಳಚಿದರೆ ಯಂತ್ರ ಮುಂದಕ್ಕೆ ಮಗುಚುತ್ತದೆ. ಮಗುಚಿದ ಗೈರೊ ಮತ್ತೆ ಸರಿಯಾಗುವುದಿಲ್ಲ. ಬ್ರಿಟನ್ನಿನ ಗ್ಲಾಸ್ಗೊ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿ, ಈ ಎರಡರ ನಡುವಿನ ಅಂತರ ಎರಡು ಇಂಚಿನ ಒಳಗೆ ಇರಬೇಕು ಅಂದಿದ್ದಾರೆ. ದೊಡ್ಡ ಎಂಜಿನ್‌ಗೆ ದೊಡ್ಡ ಪ್ರೊಪೆಲ್ಲರ್ ಬೇಕು. ಅದು ಕೆಳಗಿನ ಕೀಲ್ ಪೈಪಿಗೆ ತಾಗಬಾರದು ಅಂತ ಎಂಜಿನ್ ಎತ್ತರಿಸುತ್ತಾರೆ, ಗೆರೆ ಮೇಲೇರುತ್ತದೆ. ಡಾಮಿನೇಟರ್ ಥರದ ಯಂತ್ರಗಳಲ್ಲಿ ಸೀಟನ್ನೇ ಮೇಲೆ ಎತ್ತಿರುವುದು ಈ ಕಾರಣಕ್ಕೆ. ನೋಡಲು ಒಂಟೆ ಮೇಲೆ ಕೂತ ಹಾಗೆ ಕಂಡರೂ ಲೆಕ್ಕ ಸರಿ ಇದೆ.

ಹಾಗಾಗಿ ಕಿಟ್ ಮಾರುವವರಿಗೆ ಮೊದಲು ಕೇಳಬೇಕಾದ ಪ್ರಶ್ನೆ: 80 ಕೆಜಿ ಮನುಷ್ಯ ಕೂತಾಗ, 582 ಇದ್ದಾಗ, ಗೆರೆಗೂ ತೂಕದ ಕೇಂದ್ರಕ್ಕೂ ಎಷ್ಟು ಇಂಚು ಅಂತರ? ನುಣುಚಿಕೊಂಡರೆ ಆ ಕಿಟ್ ಬಿಡಿ. ಜೋಡಿಸಿದ ಮೇಲೆ ನೀವೂ ನೋಡಬಹುದು. ನೀವು ಕೂತಂತೆಯೇ ಯಂತ್ರವನ್ನು ರೋಟರ್ ಹೆಡ್ಡಿಗೆ ಬ್ಲೇಡುಗಳನ್ನು ಸೇರಿಸುವ ಟೀಟರ್ ಬೋಲ್ಟಿನಿಂದ ಒಮ್ಮೆ, ಬೇರೊಂದು ಬಿಂದುವಿನಿಂದ ಇನ್ನೊಮ್ಮೆ ತೂಗುಹಾಕಿ. ಎರಡು ಸಲವೂ ತೂಗುಗುಂಡು ಬಿಟ್ಟು ಗೆರೆ ಎಳೆಯಿರಿ. ಗೆರೆಗಳು ಸೇರುವ ಜಾಗವೇ ತೂಕದ ಕೇಂದ್ರ. ಬಾಲದಲ್ಲಿ ಅಡ್ಡ ರೆಕ್ಕೆ, ಅಂದರೆ ಹಾರಿಜಾಂಟಲ್ ಸ್ಟೆಬಿಲೈಜರ್, ಇಲ್ಲದ ಹಳೇ ವಿನ್ಯಾಸದ ಕಿಟ್ ಅಂತೂ ಬೇಡ.

ತಳ್ಳುವ ಬಲ ಅಳೆಯಲು ಹತ್ತಿ ತೂಗುವವರ ಹತ್ತಿರ ಇರುವ ನೇತಾಡುವ ಡಿಜಿಟಲ್ ಕಾಂಟಾ ಸಾಕು. ರಾಯಚೂರು ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿವೆ. ಗಟ್ಟಿ ಮರಕ್ಕೂ ಯಂತ್ರಕ್ಕೂ ನಡುವೆ ಕಾಂಟಾ ಕಟ್ಟಿ, ರೋಟರ್ ಬಿಚ್ಚಿಟ್ಟು, ಪೂರ್ತಿ ಥ್ರಾಟಲ್ ಕೊಟ್ಟು ಓದಿ. ಬೆಳಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ. ನಾನು ಮೇಲೆ ಹೇಳಿದ ಲೆಕ್ಕ ನಿಮ್ಮ ಕಣ್ಣೆದುರೇ ಕಾಣುತ್ತದೆ.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು, ಅಂದರೆ ಜೆಟ್, ಅದರ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಮೇ ತಿಂಗಳ ತೆಳು ಗಾಳಿಗೆ ಸರಿಯಾಗುವಂತೆ ಸಣ್ಣ ಜೆಟ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಡಿಸೆಂಬರಿನ ಬೆಳಗ್ಗೆ ಗಾಳಿ ದಪ್ಪವಾಗಿರುತ್ತದೆ, ಅದೇ ಜೆಟ್ಟಿನಿಂದ ಪೆಟ್ರೋಲ್ ಸಾಲುವುದಿಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲ್ ಜೊತೆಗೇ ಆಯಿಲ್ ಹೋಗುವುದು, 50ಕ್ಕೆ 1. ಪೆಟ್ರೋಲ್ ಕಡಿಮೆ ಆದರೆ ಬಿಸಿ ಏರಿ ಪಿಸ್ಟನ್ ಹಿಡಿಯುತ್ತದೆ. ಪ್ರತಿ ಸಿಲಿಂಡರಿಗೂ ಹೊಗೆಯ ಶಾಖ ತೋರಿಸುವ ಇಜಿಟಿ ಮೀಟರ್ ಹಾಕಿಸಿ, 650 ಡಿಗ್ರಿ ದಾಟಲು ಬಿಡಬೇಡಿ. 582ರಲ್ಲಿ ಇನ್ನೊಂದು ಕಾಟ: ಎಂಜಿನ್ ಬಿಸಿಯಾಗಿ ರೇಡಿಯೇಟರ್ ನೀರು ಇನ್ನೂ ತಣ್ಣಗಿರುವಾಗಲೇ ಪೂರ್ತಿ ಥ್ರಾಟಲ್ ಕೊಟ್ಟರೆ, ಥರ್ಮೋಸ್ಟಾಟ್ ತೆರೆದ ಕೂಡಲೇ ತಣ್ಣೀರು ನುಗ್ಗಿ ಸಿಲಿಂಡರ್ ಕುಗ್ಗಿ ಪಿಸ್ಟನ್ ಹಿಡಿಯುತ್ತದೆ. ನಿಧಾನವಾಗಿ ಬಿಸಿ ಮಾಡಿ.

503 ತಯಾರಿಕೆ ನಿಂತು ವರ್ಷಗಳಾದವು. 582 ಕೂಡ ಕೇಳಿದ ಕೂಡಲೇ ಹೊಸದು ಸಿಗುವ ಮಾಲಲ್ಲ. ಹಳೇದು ಕೊಳ್ಳುವಾಗ ಗಂಟೆ ಕಡಿಮೆ ಇದೆ ಅಂತ ಮರುಳಾಗಬೇಡಿ. ಐದಾರು ಮಳೆಗಾಲ ಸುಮ್ನೆ ಬಿದ್ದಿದ್ದ ಎಂಜಿನ್ನಿನ ಕ್ರ್ಯಾಂಕ್ ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಬಿಚ್ಚಿ ತೋರಿಸಿದರೆ ಮಾತ್ರ ದುಡ್ಡು.

ಪರವಾನಗಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದಲ್ಲಿ 254 ಪೌಂಡ್ ಒಳಗಿನ ಒಂಟಿ ಸೀಟಿನ ಯಂತ್ರಕ್ಕೆ ಲೈಸೆನ್ಸ್ ಬೇಡ, ಹಾಗಾಗಿ ಆ ವಿಡಿಯೋಗಳಲ್ಲಿ ಎಲ್ಲ ಸಲೀಸು. ಇಲ್ಲಿ ಆ ವಿನಾಯಿತಿ ಇಲ್ಲ. ವಿಮಾನಯಾನ ನಿಯಂತ್ರಿಸುವ ಡಿಜಿಸಿಎ, ಗೃಹ ಸಚಿವಾಲಯ ಎರಡರ ಬಾಗಿಲೂ ತಟ್ಟಬೇಕು. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದ ಸುತ್ತಲಿನ ಆಕಾಶ ಕೂಡ ಬಿಟ್ಟಿ ಜಾಗ ಅಲ್ಲ. ಮುಂಗಡ ಕೊಡುವ ಮೊದಲು ಇದನ್ನು ಬಗೆಹರಿಸಿಕೊಳ್ಳಿ. ಒಂಟಿ ಸೀಟಿನಲ್ಲಿ ಗುರುವಿಗೆ ಜಾಗ ಇರುವುದಿಲ್ಲ, ಅದಕ್ಕೆ ಎರಡು ಸೀಟಿನದ್ದರಲ್ಲಿ ಮೊದಲೇ ಕಲಿತಿರಬೇಕು.

ಕೊನೆಗೆ ಪೆಟ್ರೋಲ್. ಬಂಕ್‌ಗಳಲ್ಲಿ ಈಗ ಸಿಗುವ ಸಾದಾ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. ಈ ಎಂಜಿನ್‌ಗಳು ಅದಕ್ಕಾಗಿ ಮಾಡಿದವಲ್ಲ. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪು ತಿನ್ನುತ್ತದೆ, ಜೆಟ್ ಲೆಕ್ಕವನ್ನೂ ಕೆಡಿಸುತ್ತದೆ. ಎಥನಾಲ್ ಇಲ್ಲದ್ದು ಅಂತ ಯಾರಾದರೂ ಕೊಟ್ಟರೆ ಹೀಗೆ ನೋಡಿ: ಗೆರೆ ಇರುವ ಗಾಜಿನ ಸೀಸೆಯಲ್ಲಿ ಹತ್ತು ಎಂಎಲ್ ನೀರು, ತೊಂಬತ್ತು ಎಂಎಲ್ ಪೆಟ್ರೋಲ್ ಹಾಕಿ ಕುಲುಕಿ ಇಡಿ. ಕೆಳಗಿನ ನೀರಿನ ಮಟ್ಟ ಹತ್ತರಲ್ಲೇ ನಿಂತರೆ ಸರಿ. ಮೇಲೇರಿದ್ದರೆ ಅಷ್ಟೂ ಎಥನಾಲ್, ಆ ಪೆಟ್ರೋಲನ್ನು ಬೈಕಿಗೆ ಹಾಕಿಕೊಳ್ಳಿ.