ನಮ್ಮ ವಿಜಯಪುರದಲ್ಲಿ ಮಳೆ ಕಡಿಮೆ, ಗಟಾರವೂ ಒಣಗಿದೆ. ಆದರೂ ಡೆಂಗಿ ಯಾಕೆ ಬರುತ್ತದೆ?

ಗಟಾರದ್ದು ಇಲ್ಲಿ ತಪ್ಪಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೆಚ್ಚು ಇಷ್ಟ ನಿಂತ ತಿಳಿನೀರು. ನಳ ದಿನಾ ಬರುವುದಿಲ್ಲ ಅಂತ ಬ್ಯಾರಲ್, ಕೊಡ, ನೀರಿನ ಹೌದ (ತೊಟ್ಟಿ) ಎಲ್ಲ ತುಂಬಿಡುತ್ತೇವೆ ಅಲ್ವಾ? ಅಲ್ಲೇ ಅದರ ಸಂಸಾರ. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ನೀರಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, ದಾರದ ತುಂಡಿನಂಥ ಹುಳಗಳು ತಲೆಕೆಳಗಾಗಿ ತೂಗಾಡುತ್ತಿರುತ್ತವೆ.

ಸುಮ್ನೆ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಒಳಬದಿಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ವಾರಕ್ಕೊಮ್ಮೆ ಬ್ರಷ್‌ನಿಂದ ಗಸಗಸ ತಿಕ್ಕಿ, ಒಣಗಿಸಿ. ತುಂಬಿದ ಮೇಲೆ ಬಾಯಿಗೆ ಹಳೇ ಧೋತರ ಬಿಗಿಯಾಗಿ ಕಟ್ಟಿ. ಕೂಲರ್ ತಳವನ್ನೂ ನೋಡಿ, ಅದನ್ನೇ ಎಲ್ಲರೂ ಮರೆಯುವುದು.

ಇದು ಹಗಲು ಕಚ್ಚುವ ಸೊಳ್ಳೆ. ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಬೇಕು. ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತ ಸೋರುವ ಅಪಾಯ ಜಾಸ್ತಿ. ಡಾಕ್ಟರಿಗೆ ತೋರಿಸಿ.